ಸ್ಟಾರ್ ರೇಡರ್ ಔಟಾದ ಮೇಲೆ ಆಡುವವರು ಯಾರು?

ನಮ್ಮ ಬಾದಾಮಿ, ಹುನಗುಂದ, ಇಳಕಲ್ ಕಡೆ ಜಾತ್ರೆ ಬಂತೆಂದರೆ ಕಬಡ್ಡಿ ಪಂದ್ಯವೂ ಬಂತು. ತಂಡ ಕಟ್ಟಲು ಕೂತಾಗ ಪ್ರತಿ ಸಲ ಒಂದೇ ವಾದ: ದುಡ್ಡು ಕೊಟ್ಟು ಹೊರಗಿನಿಂದ ಒಬ್ಬ ಹೆಸರುವಾಸಿ ರೇಡರ್‌ನನ್ನು ಕರೆಸೋಣವೋ, ಊರ ಹುಡುಗರನ್ನೇ ಆಡಿಸೋಣವೋ? ಬಾಗಲಕೋಟೆಯ ಕಾಲೇಜು ತಂಡಗಳಲ್ಲೂ ಇದೇ ಕಥೆ. ಒಬ್ಬನೇ ರೇಡಿಗೆ ಹೋಗುತ್ತಾನೆ, ಉಳಿದವರು ಅವನ ಮುಖ ನೋಡುತ್ತಾರೆ.

ಈ ವಾದಕ್ಕೆ ಪ್ರೊ ಕಬಡ್ಡಿಯ ಇತಿಹಾಸದಲ್ಲಿ ಒಳ್ಳೆಯ ಉತ್ತರವಿದೆ.

ಮೊದಲು ಸ್ಟಾರ್ ಪರವಾದ ಮಾತು. 2017ರಲ್ಲಿ ಪರ್‌ದೀಪ್ ನರ್ವಾಲ್ ಒಂದೇ ಸೀಸನ್‌ನಲ್ಲಿ 369 ರೇಡ್ ಪಾಯಿಂಟ್ ಗಳಿಸಿ ಪಟ್ನಾ ಪೈರೇಟ್ಸ್‌ಗೆ ಕಪ್ ತಂದುಕೊಟ್ಟರು. 2019ರ ಜನವರಿ 5ರ ಫೈನಲ್‌ನಲ್ಲಿ ನಮ್ಮ ಬೆಂಗಳೂರು ಬುಲ್ಸ್ ಗುಜರಾತ್ ತಂಡವನ್ನು 38-33ರಿಂದ ಸೋಲಿಸಿತು. ಅದರಲ್ಲಿ 22 ಪಾಯಿಂಟ್ ಪವನ್ ಸೆಹ್ರಾವತ್ ಒಬ್ಬರದೇ. ಸ್ಟಾರ್ ಕಪ್ ಗೆಲ್ಲಿಸುವುದಿಲ್ಲ ಎಂದು ಯಾರೂ ಹೇಳುವಂತಿಲ್ಲ.

ಆದರೆ ಮುಂದಿನ ಸೀಸನ್ ನೋಡಿ. ಪವನ್ ಹರಿಯಾಣ ವಿರುದ್ಧ ಒಂದೇ ಪಂದ್ಯದಲ್ಲಿ 39 ಪಾಯಿಂಟ್ ತಂದರು, ಸೀಸನ್‌ನಲ್ಲಿ 346 ರೇಡ್ ಪಾಯಿಂಟ್ ಗಳಿಸಿದರು. ಆದರೂ ಬುಲ್ಸ್ ಸೆಮಿಫೈನಲ್‌ನಲ್ಲೇ ಸೋತಿತು. ಪರ್‌ದೀಪ್ 300ರ ಗಡಿ ದಾಟಿದರೂ ಪಟ್ನಾ ಪ್ಲೇಆಫ್ ಕೂಡ ಮುಟ್ಟಲಿಲ್ಲ.

ಕಾರಣ ಆಟದ ನಿಯಮದಲ್ಲೇ ಇದೆ. ಕ್ರಿಕೆಟ್‌ನಲ್ಲಿ ಔಟಾದ ಬ್ಯಾಟರ್ ಬೌಲಿಂಗ್ ಮಾಡಬಹುದು. ಕಬಡ್ಡಿಯಲ್ಲಿ ಔಟಾದವನು ಹೊರಗೆ ಕೂರಬೇಕು. ಉಳಿದವರು ಪಾಯಿಂಟ್ ತಂದರೆ ಮಾತ್ರ ಅವನಿಗೆ ಮತ್ತೆ ಜೀವ. ಹಾಗಾಗಿ ಎದುರಾಳಿಗೆ ಒಂದೇ ಕೆಲಸ: ಸ್ಟಾರ್‌ನನ್ನು ಹಿಡಿ, ಹೊರಗೇ ಕೂರಿಸು. ಆಗ ಅವನನ್ನು ಒಳಗೆ ಕರೆತರಬೇಕಾದವರು ನಾವು ಲೆಕ್ಕಕ್ಕೇ ಇಟ್ಟುಕೊಳ್ಳದ ಹುಡುಗರು.

ಅದೇ 2019ರ ಅಕ್ಟೋಬರ್ 19ರಂದು ಅಹಮದಾಬಾದ್‌ನಲ್ಲಿ ಫೈನಲ್. ಬೆಂಗಾಲ್ ವಾರಿಯರ್ಸ್‌ನ ನಾಯಕ, ಮುಖ್ಯ ರೇಡರ್ ಮಣಿಂದರ್ ಸಿಂಗ್ ಗಾಯಗೊಂಡು ಹೊರಗಿದ್ದರು. ಎದುರಿಗೆ ದಬಾಂಗ್ ಡೆಲ್ಲಿ. ಅದರ ನವೀನ್ ಕುಮಾರ್ ಒಬ್ಬರೇ 18 ಪಾಯಿಂಟ್ ತಂದರು. ಗೆದ್ದದ್ದು ಮಾತ್ರ ಬೆಂಗಾಲ್, 39-34ರಿಂದ. ಇರಾನಿನ ನಬಿಬಕ್ಷ್ 10 ಪಾಯಿಂಟ್, ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆ 8 ಪಾಯಿಂಟ್ ತಂದರು. ಸ್ಟಾರ್ ಇಲ್ಲದ ದಿನ ಭಾರವನ್ನು ಎಲ್ಲರೂ ಹಂಚಿಕೊಂಡರು.

ಆ ತಂಡದ ಕೋಚ್ ಕನ್ನಡಿಗ ಬಿ.ಸಿ. ರಮೇಶ್, 2001ರ ಅರ್ಜುನ ಪ್ರಶಸ್ತಿ ವಿಜೇತರು. 2024ರ ಮಾರ್ಚ್ 1ರಂದು ಅವರದೇ ಪುಣೇರಿ ಪಲ್ಟನ್ ಹರಿಯಾಣವನ್ನು 28-25ರಿಂದ ಸೋಲಿಸಿ ಕಪ್ ಗೆದ್ದಿತು. ಅಸ್ಲಂ ಇನಾಮದಾರ್, ಪಂಕಜ್ ಮೋಹಿತೆ, ಮೋಹಿತ್ ಗೋಯತ್, ಆಕಾಶ್ ಶಿಂದೆ ಎಂದು ರೇಡರ್‌ಗಳ ಸಾಲೇ ಅಲ್ಲಿತ್ತು. ಒಬ್ಬನನ್ನು ಹಿಡಿದರೆ ಇನ್ನೊಬ್ಬ ತಯಾರು.

ಅದೇ ವರ್ಷ ಬುಲ್ಸ್ ದೊಡ್ಡ ಹೆಸರನ್ನೇ ನಂಬಿ ಪರ್‌ದೀಪ್ ಅವರನ್ನು ಮರಳಿ ಕರೆತಂದಿತು. 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ, ಸ್ಥಾನ ಕಟ್ಟಕಡೆಯದು. 2025ಕ್ಕೆ ಬುಲ್ಸ್ ಕೋಚ್ ಆಗಿ ಕರೆದದ್ದು ರಮೇಶ್ ಅವರನ್ನು.

ಹಾಗಾದರೆ ಹೊರಗಿನ ರೇಡರ್ ಬೇಡವೇ? ಬೇಡ ಎನ್ನುವುದಿಲ್ಲ. ಆದರೆ ಅವನು ಜಾತ್ರೆ ಮುಗಿದ ಮೇಲೆ ಹೋಗುತ್ತಾನೆ. ಊರಲ್ಲಿ ಉಳಿಯುವವರು ಬೆಂಚಿನ ಮೇಲೆ ಕೂತ ಐದು ಹುಡುಗರು. ಮೂರು ಜಾತ್ರೆ ಸುಮ್ಮನೆ ಕೂತವನು ನಾಲ್ಕನೆಯದಕ್ಕೆ ಬರುವುದಿಲ್ಲ, ದುಡಿಯಲು ಬೆಂಗಳೂರಿಗೋ ಗೋವಾಕ್ಕೋ ಹೋಗಿರುತ್ತಾನೆ. ಮರುವರ್ಷ ಏಳು ಜನ ಕೂಡಿಸುವುದೇ ಕಷ್ಟ. ಇದನ್ನು ನಾವು ನಮ್ಮೂರುಗಳಲ್ಲೇ ಕಂಡಿದ್ದೇವೆ.

ಅದಕ್ಕೆ ನಮ್ಮದೊಂದು ಮಾತು. ಈ ಸಲ ಮೊದಲ ಸುತ್ತಿನ ಪಂದ್ಯದಲ್ಲಿ ನಿಮ್ಮ ಎರಡನೇ, ಮೂರನೇ ರೇಡರ್‌ಗೂ ಅವಕಾಶ ಕೊಡಿ. ಫೈನಲ್‌ನಲ್ಲಿ ಸ್ಟಾರ್ ಔಟಾಗಿ ಗೆರೆಯಾಚೆ ಕೂತಾಗ, ಅವನನ್ನು ಒಳಗೆ ಕರೆತರುವವರು ಅವರೇ.