ಒಂದೇ ಬೆಟ್ಟ, ಮೂರು ದರ್ಶನಗಳು

ಮಹಾರಾಷ್ಟ್ರದಲ್ಲಿ ನೆಲೆಸಿರುವ ನಮ್ಮ ಜನ ಘೃಷ್ಣೇಶ್ವರಕ್ಕೆ ಹೋದಾಗ ಸಮೀಪದ ವೇರೂಳಿನ ಗುಹೆಗಳನ್ನೂ ನೋಡಿ ಬರುವುದುಂಟು. ಹೆಚ್ಚಿನವರು ಕೈಲಾಸ ದೇವಾಲಯವನ್ನು ಕಂಡು ಬೆರಗಾಗಿ ಹಿಂದಿರುಗುತ್ತಾರೆ. ಆದರೆ ಆ ಬೆಟ್ಟದ ನಿಜವಾದ ವಿಶೇಷವನ್ನು ಕಾಣಬೇಕಾದರೆ ಒಂದು ತುದಿಯಿಂದ ಮತ್ತೊಂದು ತುದಿಯವರೆಗೆ ನಡೆಯಬೇಕು. ಎಣಿಕೆಗೆ ಸಿಕ್ಕಿರುವ 34 ಗುಹೆಗಳಲ್ಲಿ ಮೊದಲ 12 ಬೌದ್ಧರವು, 13ರಿಂದ 29ರವರೆಗಿನವು ವೈದಿಕ ದೇವತೆಗಳವು, ಕೊನೆಯ 5 ಜೈನರವು. ಇವು ಒಟ್ಟಾರೆ ಕ್ರಿ.ಶ. 6ನೆಯ ಶತಮಾನದಿಂದ 10ನೆಯ ಶತಮಾನದವರೆಗೆ ಆದ ಕೆಲಸಗಳು. ಒಬ್ಬರು ಕೊರೆದ ಗುಹೆಯನ್ನು ಮತ್ತೊಬ್ಬರು ಕೆಡವಲಿಲ್ಲ. ಪಕ್ಕದ ಬಂಡೆಯಲ್ಲಿ ತಮ್ಮ ಉಳಿಯನ್ನಿಟ್ಟರು.

ಇಂತಹ ನೆರೆಹೊರೆ ವೇರೂಳಿಗೆ ಮಾತ್ರ ಸೀಮಿತವಲ್ಲ. ಮಧ್ಯಪ್ರದೇಶದ ವಿದಿಶೆಯ ಬಳಿಯ ಬೆಸನಗರದಲ್ಲಿ ಹೆಲಿಯೋಡೋರನೆಂಬ ಯವನ ರಾಯಭಾರಿ ಕ್ರಿ.ಪೂ. 2ನೆಯ ಶತಮಾನದ ಕೊನೆಯ ವೇಳೆಗೆ ವಾಸುದೇವನಿಗಾಗಿ ಗರುಡಸ್ತಂಭವನ್ನು ನಿಲ್ಲಿಸಿ, ತನ್ನನ್ನು ಭಾಗವತನೆಂದು ಕರೆದುಕೊಂಡನು. ಅಲ್ಲಿಂದ ಸುಮಾರು 10 ಕಿಲೋಮೀಟರ್ ದೂರದಲ್ಲಿಯೇ ಸಾಂಚಿಯ ಬೌದ್ಧ ಸ್ತೂಪವಿದೆ. ಮಥುರೆಯ ನೆಲದಲ್ಲಿಯೂ ವೈಷ್ಣವ, ಬೌದ್ಧ, ಜೈನ ಈ ಮೂರು ಸಂಪ್ರದಾಯಗಳ ಶಿಲ್ಪಗಳು ದೊರೆತಿವೆ. ಕರ್ಮ, ಪುನರ್ಜನ್ಮ, ಸಂಸಾರದಿಂದ ಬಿಡುಗಡೆ ಎಂಬ ಮಾತುಗಳು ಮೂವರಿಗೂ ಪರಿಚಿತವೇ. ವೇದಪ್ರಾಮಾಣ್ಯ, ಈಶ್ವರ, ಜೀವ ಇವುಗಳ ವಿಷಯಕ್ಕೆ ಬಂದಾಗ ಮಾತ್ರ ದಾರಿಗಳು ಬೇರೆಯಾದವು.

ವೇರೂಳಿನ 15ನೆಯ ಗುಹೆಗೆ ದಶಾವತಾರ ಗುಹೆಯೆಂದು ಹೆಸರು. ವೈಷ್ಣವರಾದ ನಾವು ಅಲ್ಲಿ ತುಸು ಹೊತ್ತು ಹೆಚ್ಚಾಗಿಯೇ ನಿಲ್ಲಬೇಕು. ಮೇಲಂತಸ್ತಿನಲ್ಲಿ ವರಾಹ, ನರಸಿಂಹ, ತ್ರಿವಿಕ್ರಮ, ಗೋವರ್ಧನಧಾರಿ, ಶೇಷಶಾಯಿ ಹಾಗೂ ಗಜೇಂದ್ರನನ್ನು ಪಾರುಮಾಡಲು ಗರುಡನ ಮೇಲೇರಿ ಬಂದ ಸ್ವಾಮಿ ಆಳೆತ್ತರವನ್ನು ಮೀರಿದ ಶಿಲ್ಪಗಳಲ್ಲಿ ದರ್ಶನವೀಯುತ್ತಾರೆ. ಶಿವನ ಲೀಲೆಗಳೂ ಅಲ್ಲಿವೆ. ರಾಷ್ಟ್ರಕೂಟ ದಂತಿದುರ್ಗನ ಶಾಸನವೂ ಅಲ್ಲಿದೆ. ಕಟ್ಟಡದ ವಿನ್ಯಾಸ ಬೌದ್ಧ ವಿಹಾರಗಳದನ್ನು ಬಹಳವಾಗಿ ಹೋಲುವುದರಿಂದ ಅದು ಮೊದಲು ವಿಹಾರವಾಗಿಯೇ ಆರಂಭವಾಗಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ.

ದಂತಿದುರ್ಗನ ಚಿಕ್ಕಪ್ಪನಾದ ಒಂದನೆಯ ಕೃಷ್ಣನು 8ನೆಯ ಶತಮಾನದ ಉತ್ತರಾರ್ಧದಲ್ಲಿ ಕೈಲಾಸವನ್ನು ಕೊರೆಯಿಸಿದನು. ಬಡೋದೆಯಲ್ಲಿ ದೊರೆತ, ಕ್ರಿ.ಶ. 812ರ ಕರ್ಕರಾಜನ ತಾಮ್ರಪಟವು ಇದನ್ನು ವರ್ಣಿಸುತ್ತ, ವಿಮಾನದಲ್ಲಿ ಹೋಗುತ್ತಿದ್ದ ದೇವತೆಗಳೂ ಇದು ಮನುಷ್ಯಕೃತವಲ್ಲವೆಂದು ಬೆರಗಾದರೆಂದೂ, ಕಟ್ಟಿದ ಶಿಲ್ಪಿಯೇ ಮತ್ತೊಮ್ಮೆ ಇಂತಹುದು ತನ್ನಿಂದಾಗದೆಂದು ವಿಸ್ಮಯಪಟ್ಟನೆಂದೂ ಹೇಳುತ್ತದೆ. ರಾಜಪ್ರಶಸ್ತಿಗಳಲ್ಲಿ ಉತ್ಪ್ರೇಕ್ಷೆ ಸಹಜ. ಆದರೆ ಈ ಒಂದು ಕಡೆ ಅದನ್ನು ಉತ್ಪ್ರೇಕ್ಷೆಯೆನ್ನಲು ಮನಸ್ಸೊಪ್ಪದು. ಶಿವಾಲಯವೇ ಆದರೂ ಅದರ ಗೋಡೆಗಳಲ್ಲಿ ರಾಮಾಯಣವೂ ಭಾರತದ ಕಥೆಯೂ ಕೃಷ್ಣನ ಬಾಲಲೀಲೆಗಳೂ ಸಾಲುಸಾಲಾಗಿ ಮೂಡಿವೆ. ಅದೇ ವಂಶದ ಆಳ್ವಿಕೆಯಲ್ಲಿ, ಮುಂದಿನ ಶತಮಾನದಲ್ಲಿ, ಬೆಟ್ಟದ ಉತ್ತರದ ತುದಿಯಲ್ಲಿ ಜೈನರ ಇಂದ್ರಸಭೆ ಮತ್ತು ಜಗನ್ನಾಥಸಭೆಗಳು ಎದ್ದವು. ಅಲ್ಲಿನ ಕಂಬಗಳ ಮೇಲೆ ಹಳಗನ್ನಡ ಲಿಪಿಯ ಬರಹಗಳನ್ನು ಕಂಡಾಗ ಈ ನಾಡಿನಲ್ಲಿ ನಾವು ಹೊಸಬರಲ್ಲವೆಂಬ ಅರಿವಾಗುತ್ತದೆ.

ಮುಂಬಯಿಯ ಬೋರಿವಲಿಯ ಅರಣ್ಯದಲ್ಲಿರುವ ಕಾನ್ಹೇರಿಯ ಕಥೆಯೂ ಇಂತಹುದೇ. ಕೃಷ್ಣಗಿರಿಯೆಂಬ ಹೆಸರನ್ನು ಕೇಳಿ ಅದೊಂದು ಕೃಷ್ಣಕ್ಷೇತ್ರವೆಂದು ಭಾವಿಸುವವರಿದ್ದಾರೆ. ಇಲ್ಲಿ ಕೃಷ್ಣವೆಂದರೆ ಕಪ್ಪು ಕಲ್ಲಿನ ಬೆಟ್ಟವಷ್ಟೆ. ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳಿರುವ ಅಲ್ಲಿ 9ನೆಯ ಶತಮಾನದ ಮೂರು ಶಾಸನಗಳಿವೆ. ಕೊಂಕಣವನ್ನಾಳುತ್ತಿದ್ದ ಶಿಲಾಹಾರ ಸಾಮಂತರು ಅವುಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನನ್ನು ತಮ್ಮ ಚಕ್ರವರ್ತಿಯೆಂದು ಹೆಸರಿಸುತ್ತಾರೆ. ಶಕ 775ರ ಶಾಸನದ ಪ್ರಕಾರ ದೂರದ ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಉಪಾಸಕನು ಭಿಕ್ಷುಗಳ ಧ್ಯಾನಗೃಹಕ್ಕೂ ವಸ್ತ್ರಕ್ಕೂ ದಾನವಿತ್ತು, 100 ದ್ರಮ್ಮಗಳನ್ನು ನಿಧಿಯಾಗಿರಿಸಿದನು. ಬೌದ್ಧರ ದಾನ, ಸಾಮಂತನ ನಾಡು, ಕನ್ನಡ ಚಕ್ರವರ್ತಿಯ ಹೆಸರು!

ಆ ಚಕ್ರವರ್ತಿಯಾದರೋ ಜೈನಾಚಾರ್ಯ ಜಿನಸೇನರಲ್ಲಿ ಗುರುಭಾವವುಳ್ಳವನು. ಆದರೆ ಕ್ರಿ.ಶ. 871ರ ಸಂಜಾನ ತಾಮ್ರಪಟವು, ಪ್ರಜೆಗಳಿಗೊದಗಿದ ಉಪದ್ರವವನ್ನು ನಿವಾರಿಸಲು ಅವನು ತನ್ನ ಎಡಗೈಯ ಬೆರಳನ್ನೇ ಮಹಾಲಕ್ಷ್ಮಿಗೆ ಅರ್ಪಿಸಿದನೆಂದು ಹೇಳುತ್ತದೆ. ಅವನ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಮಳಖೇಡ. ಟೀಕಾರಾಯರ ಆರಾಧನೆಗೆಂದು ಪ್ರತಿವರ್ಷ ಆಷಾಢದಲ್ಲಿ ಕಾಗಿಣಾ ತೀರಕ್ಕೆ ಹೋಗುವ ಭಕ್ತರು ಆ ಊರಿನಲ್ಲಿಯೇ ಇರುವ ಹಳೆಯ ಜೈನ ಬಸದಿಯನ್ನೂ ಕೋಟೆಯನ್ನೂ ನೋಡಿರಬಹುದು.

ಹಾಗಾದರೆ ಮತಗಳ ನಡುವೆ ಭೇದವೇ ಇರಲಿಲ್ಲವೆ, ಎಲ್ಲವೂ ಒಂದೇ ಎಂಬುದೇ ಪೂರ್ವಿಕರ ನಿಲುವೆ ಎಂದು ನಮ್ಮ ಮನೆಯ ಮಕ್ಕಳು ಕೇಳುವುದು ಸಹಜ. ಖಂಡಿತವಾಗಿಯೂ ಅಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದ ಎರಡನೆಯ ಪಾದವು ಪರಮತಗಳ ನಿರಾಕರಣೆಗೇ ಮೀಸಲು. ಶ್ರೀಮದಾಚಾರ್ಯರು ಅನುವ್ಯಾಖ್ಯಾನದಲ್ಲಿಯೂ, ಟೀಕಾರಾಯರು ನ್ಯಾಯಸುಧೆಯಲ್ಲಿಯೂ ಬೌದ್ಧ ಹಾಗೂ ಜೈನ ಪಕ್ಷಗಳನ್ನು ಕೂಲಂಕಷವಾಗಿ ವಿಮರ್ಶಿಸಿ ನಿರಾಕರಿಸಿದ್ದಾರೆ. ಬೌದ್ಧ ವಿದ್ವಾಂಸನಾದ ಬುದ್ಧಿಸಾಗರನೊಂದಿಗೆ ನಡೆದ ವಾದವನ್ನು ಸುಮಧ್ವವಿಜಯವು ವರ್ಣಿಸುತ್ತದೆ. ಅದೇ ಕಾವ್ಯದಲ್ಲಿ ಬರುವ, ದಾರಿಹೋಕರಿಂದ ಕೆರೆ ತೋಡಿಸುತ್ತಿದ್ದ ಈಶ್ವರದೇವನನ್ನು ದೇವಗಿರಿಯ ಯಾದವ ಮಹಾದೇವನೆಂದು ಇತಿಹಾಸಜ್ಞರು ಗುರುತಿಸುತ್ತಾರೆ. ದೇವಗಿರಿಯು ವೇರೂಳಿಗೆ ತೀರ ಸಮೀಪ. ಎದುರಾಳಿಯ ಗ್ರಂಥವನ್ನು ಪೂರ್ಣವಾಗಿ ಓದಿ, ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಪೂರ್ವಪಕ್ಷದಲ್ಲಿ ನಿಲ್ಲಿಸಿ, ಅನಂತರ ಖಂಡಿಸುವುದು ನಮ್ಮ ಶಾಸ್ತ್ರದ ಕ್ರಮ. ಭೇದವನ್ನು ಸತ್ಯವೆಂದು ಒಪ್ಪುವ ಸಿದ್ಧಾಂತಕ್ಕೆ ಪರಮತವನ್ನು ತನ್ನೊಳಗೆ ಕರಗಿಸಿಕೊಳ್ಳುವ ಅವಶ್ಯಕತೆಯೂ ಇಲ್ಲ, ಅದರ ಮಂದಿರವನ್ನು ಕೆಡಿಸುವ ಅವಶ್ಯಕತೆಯೂ ಇಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಬೀದಿಯ ಮಟ್ಟದಲ್ಲಿ ಜಗಳಗಳು ನಡೆಯಲಿಲ್ಲವೆಂದಲ್ಲ. ಟೀಕಾರಾಯರ ಕಾಲದಲ್ಲಿಯೇ, ಕ್ರಿ.ಶ. 1368ರಲ್ಲಿ, ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮುಂತಾದ ಊರುಗಳ ಜೈನರು ಶ್ರೀವೈಷ್ಣವರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ವಿಜಯನಗರದ ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಪಂಚಮಹಾವಾದ್ಯ ಮತ್ತು ಕಲಶಗಳ ಮರ್ಯಾದೆ ಯಾರಿಗೆ ಸಲ್ಲಬೇಕೆಂಬುದು ವಿವಾದದ ತಿರುಳು. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡಿನ ಶ್ರೀವೈಷ್ಣವರೂ ನೆರೆದ ಸಭೆಯಲ್ಲಿ ರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟನು. ಜೈನದರ್ಶನಕ್ಕೆ ಹಿಂದಿನಂತೆಯೇ ವಾದ್ಯವೂ ಕಲಶವೂ ಸಲ್ಲತಕ್ಕದ್ದು, ಅದಕ್ಕಾಗುವ ಹಾನಿಯನ್ನು ವೈಷ್ಣವರು ತಮ್ಮದೇ ಹಾನಿಯೆಂದು ಭಾವಿಸತಕ್ಕದ್ದು ಎಂದು ತೀರ್ಪಾಯಿತು.

ತೀರ್ಪು ಬಾಯಿಮಾತಿನಲ್ಲಿ ನಿಲ್ಲಲಿಲ್ಲ. ರಾಜ್ಯದ ಜೈನರು ವರ್ಷಕ್ಕೆ ಮನೆಗೊಂದು ಹಣವನ್ನು ಕೊಡಬೇಕು. ಅದರಿಂದ ತಿರುಮಲೆಯ ತಾತಯ್ಯನು ಶ್ರವಣಬೆಳಗೊಳದ ದೇವರ ಕಾವಲಿಗೆ 20 ಆಳುಗಳನ್ನು ನೇಮಿಸಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಏರ್ಪಾಡಾಯಿತು. ಬಸದಿಯ ರಕ್ಷಣೆಯ ಹೊಣೆ ವೈಷ್ಣವಾಚಾರ್ಯನ ಕೈಗೆ ಬಂದುದು ಹೀಗೆ. ಈ ಶಾಸನಗಳನ್ನು ಬಸದಿಗಳಲ್ಲಿ ನೆಡಬೇಕೆಂದೂ ವಿಧಿಸಲಾಯಿತು. ಒಂದು ಕಲ್ಲು ಶ್ರವಣಬೆಳಗೊಳದಲ್ಲಿದೆ. ಅದರ ಇನ್ನೊಂದು ಪ್ರತಿ ಮಾಗಡಿಯ ಬಳಿಯ ಕಲ್ಯದಲ್ಲಿದೆ.