ಸಂಕೇತ ಮಾರ್ಗಜೋಡಣೆ: ಇತಿಹಾಸ

ವಿದ್ಯುತ್ ಸಂಕೇತವನ್ನು ಉಪಕರಣದ ಒಂದು ಭಾಗದಿಂದ ಬೇಕಾದ ಇನ್ನೊಂದಕ್ಕೆ ತಲುಪಿಸುವ ಏರ್ಪಾಡು. ಈ ವಿದ್ಯೆ ಮೊದಲು ಪಳಗಿದ್ದು ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ. ಎಲೆಕ್ಟ್ರಾನಿಕ್ ವಾದ್ಯವಾದ ಸಿಂಥಸೈಜರ್‌ನ ತಯಾರಕರು ಹೆಚ್ಚುಕಡಿಮೆ ಅದೇ ಹಾದಿ ಹಿಡಿದರು. ಕರ್ನಾಟಕದ ಪಾಲಿರುವುದು ಟೆಲಿಫೋನಿನ ಭಾಗದಲ್ಲಿ, ಮುಖ್ಯವಾಗಿ ಬೆಂಗಳೂರಿನಿಂದ ಹೊಸಕೋಟೆಗೆ ಹೋಗುವ ಹಳೆ ಮದ್ರಾಸು ರಸ್ತೆಯ ದೂರವಾಣಿನಗರದಲ್ಲಿ.

ಮೊದಮೊದಲು ಜೋಡಣೆ ಕೈಕೆಲಸ. ಕರೆ ಮಾಡಿದವರ ಜ್ಯಾಕಿಗೊಂದು, ಕೇಳಿದ ನಂಬರಿನ ಜ್ಯಾಕಿಗೊಂದು ಪ್ಲಗ್ ಚುಚ್ಚಿ ಆಪರೇಟರ್ ಮಾತು ಕೂಡಿಸುತ್ತಿದ್ದರು. ಅದೇ ವಂಶದ ಕಾಲಿಂಚಿನ ಪ್ಲಗ್ಗು 1964ರಲ್ಲಿ ರೂಪುಗೊಂಡ ಮೂಗ್ ಸಿಂಥಸೈಜರ್‌ಗೂ ಬಂತು. ಅಂಥ ಒಂದು ಯಂತ್ರವನ್ನು 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಸ್ಥಾಪಿಸಲಾಯಿತು.

ಆಪರೇಟರ್ ಬೇಡವೆನಿಸಿದ್ದು ಅಮೆರಿಕದ ಆಲ್ಮನ್ ಸ್ಟ್ರೌಜರ್ 1891ರಲ್ಲಿ ಪೇಟೆಂಟ್ ಪಡೆದ ಸ್ವಿಚ್ಚಿನಿಂದ. ಡಯಲಿನ ಒಂದೊಂದು ಮಿಡಿತಕ್ಕೂ ಅದರ ತೋಳು ಒಂದೊಂದು ಹೆಜ್ಜೆ ಇಡುತ್ತದೆ: ಒಂದು ಅಂಕೆಗೆ ಮೇಲಕ್ಕೆ, ಮುಂದಿನದಕ್ಕೆ ಸುತ್ತ. ಹತ್ತು ಮಟ್ಟ, ಮಟ್ಟಕ್ಕೆ ಹತ್ತು ತುದಿ, ಒಟ್ಟು 100 ದಾರಿ. ದೂರವಾಣಿನಗರದಲ್ಲಿ 1948ರಲ್ಲಿ ಆರಂಭವಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ (ಐಟಿಐ), ಬ್ರಿಟಿಷ್ ಕಂಪನಿಯೊಂದರ ಸಹಯೋಗದಲ್ಲಿ ಈ ಬಗೆಯ ಉಪಕರಣವನ್ನೇ ತಯಾರಿಸಿತು. ಎಣ್ಣೆ, ಧೂಳು, ಸವೆತ ಇದರ ನಿತ್ಯದ ಗೋಳು. 1960ರ ದಶಕದಲ್ಲಿ ಬೆಲ್ಜಿಯಂ ಸಹಯೋಗದ ‘ಪೆಂಟಾಕೋಂಟಾ’ ಕ್ರಾಸ್‌ಬಾರ್ ಬಂತು. ಇಲ್ಲಿ ತೋಳು ಅಲೆಯುವುದಿಲ್ಲ. ಅಡ್ಡ ಮತ್ತು ಉದ್ದ ಸರಳುಗಳು ಸಂಧಿಸುವೆಡೆ ಸಂಪರ್ಕ ಕೂಡುತ್ತದೆ. ಯಂತ್ರ ಜಾಣತನದ್ದೇ, ಆದರೆ ನಮ್ಮ ನಗರಗಳಲ್ಲಿ ಒಂದೊಂದು ಲೈನಿನ ಮೇಲೂ ಬೀಳುತ್ತಿದ್ದ ಕರೆಗಳ ಹೊರೆಗೆ ಲೆಕ್ಕ ಹಾಕಿದ್ದಲ್ಲ, ತಿದ್ದಿ ಬಳಸಬೇಕಾಯಿತು.

ಅಡ್ಡ–ಉದ್ದ ಸಾಲುಗಳ ಈ ಉಪಾಯವೇ 1969ರ ಬ್ರಿಟಿಷ್ ಸಿಂಥಸೈಜರ್ ವಿಸಿಎಸ್3ರಲ್ಲೂ ಇದೆ. ಅದರ 16×16 ರಂಧ್ರಗಳ ಫಲಕದಲ್ಲಿ ಪಿನ್ ಚುಚ್ಚಿದರೆ ಸಾಲು, ಕಂಬ ಕೂಡುತ್ತವೆ. ಪಿನ್ನಿನೊಳಗೇ ರೆಸಿಸ್ಟರ್ ಇರುವುದರಿಂದ ಹಲವು ಸಂಕೇತಗಳನ್ನು ಬೆರೆಸಲೂಬಹುದು. 1970ರ ಮಿನಿಮೂಗ್ ದಾರಿಗಳನ್ನು ಒಳಗೇ ಬೆಸೆದುಬಿಟ್ಟಿತು. ಆಯ್ಕೆ ಕಡಿಮೆಯಾದರೂ ವೇದಿಕೆಯ ಮೇಲೆ ಗೆದ್ದದ್ದು ಅದೇ.

ಮುಂದಿನ ಘಟ್ಟದಲ್ಲಿ ಜೋಡಣೆ ಮೈಕ್ರೋಪ್ರೊಸೆಸರ್ ವಶವಾಯಿತು. 1978ರ ಪ್ರಾಫೆಟ್-5 ಸಿಂಥಸೈಜರ್ ನುಡಿಸುವವರ ಹೊಂದಿಕೆಗಳನ್ನು ನೆನಪಿಟ್ಟುಕೊಂಡಿತು. ಟೆಲಿಫೋನಿನಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಸಲ ಅಳೆದು, ಆ ಅಂಕೆಗಳನ್ನು ಸರದಿಯಂತೆ ಒಂದೇ ದಾರಿಯಲ್ಲಿ ಸಾಗಿಸುವ ಪದ್ಧತಿ ಬಂತು. 1984ರಲ್ಲಿ ಸ್ಥಾಪನೆಯಾದ, ಕೇಂದ್ರ ಸರ್ಕಾರದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಮೊದಲ ಗ್ರಾಮೀಣ ಡಿಜಿಟಲ್ ಎಕ್ಸ್‌ಚೇಂಜ್ 1986ರಲ್ಲಿ ಆರಂಭವಾದದ್ದು ಕರ್ನಾಟಕದ ಕಿತ್ತೂರಿನಲ್ಲಿ. ಹವಾನಿಯಂತ್ರಣವಿಲ್ಲದೆ ನಡೆಯಬಲ್ಲ ಈ ಎಕ್ಸ್‌ಚೇಂಜು ಹಳ್ಳಿಗಳಿಗೆ ಫೋನ್ ತಲುಪಿಸುವಲ್ಲಿ ಕ್ರಾಸ್‌ಬಾರ್‌ಗಿಂತ ಹೆಚ್ಚಿನ ಕೆಲಸ ಮಾಡಿತು. ಟೆಲಿಫೋನಿನವರು ಪ್ಲಗ್ಗಿನತ್ತ ತಿರುಗಿ ನೋಡಲಿಲ್ಲ. ಸಂಗೀತಗಾರರಲ್ಲಿ ಒಂದು ಬಳಗ 1990ರ ದಶಕದಿಂದ ‘ಯುರೋರ‍್ಯಾಕ್’ ಸಿಂಥಸೈಜರ್‌ಗಳ ಮೂಲಕ ಮತ್ತೆ ತಂತಿ ಚುಚ್ಚತೊಡಗಿದೆ.