ಇಂಗ್ಲೆಂಡಿನ ಗ್ರಾಮೀಣ ಪಾಂಥಶಾಲೆಗಳ ಭೋಜನಚರಿತ್ರೆ

ಇಂಗ್ಲೆಂಡಿನ ಹಳ್ಳಿಗಾಡಿನ ಪಬ್ಬಿನಲ್ಲಿ ಭಾನುವಾರ ಮಧ್ಯಾಹ್ನ ಬಡಿಸುವ ರೋಸ್ಟು ಮಾಡಿದ ಗೋಮಾಂಸ, ಯಾರ್ಕ್‌ಷೈರ್ ಪುಡಿಂಗು, ಜೊತೆಗೊಂದು ಲೋಟ ಬಿಯರು, ಇವೆಲ್ಲ ಆ ನಾಡಿನ ಅವಿಚ್ಛಿನ್ನ ಸಂಪ್ರದಾಯವೆಂಬ ನಂಬಿಕೆ ಬಹುಮಂದಿಯಲ್ಲಿ ಬೇರೂರಿದೆ. ಆದರೆ ಪೂರ್ವದ ದಾಖಲೆಗಳನ್ನು ಕಾಲಾನುಕ್ರಮವಾಗಿ ಪರಿಶೀಲಿಸಿದವರಿಗೆ ಕಾಣುವ ಚಿತ್ರವೇ ಬೇರೆ. ದೂರದಿಂದ ಬಂದ ಪಥಿಕನಿಗೆ ಅನ್ನವನ್ನೂ ಶಯ್ಯೆಯನ್ನೂ ಒದಗಿಸುತ್ತಿದ್ದ ಇನ್ ಎಂಬ ಪಾಂಥಶಾಲೆ ಒಂದು ಕುಲಕ್ಕೆ ಸೇರಿದ್ದು. ಊರವರಿಗೆ ಮುಖ್ಯವಾಗಿ ಬಿಯರನ್ನು ಮಾರುತ್ತಿದ್ದ ಏಲ್‌ಹೌಸ್ ಎಂಬ ಪಾನಗೃಹ ಮತ್ತೊಂದು ಕುಲಕ್ಕೆ ಸೇರಿದ್ದು. ಶತಮಾನಗಟ್ಟಲೆ ಬೇರೆಬೇರೆಯಾಗಿ ಬಾಳಿದ ಈ ಎರಡು ಕುಲಗಳು ಒಂದೇ ಸೂರಿನಡಿ ನಿಜವಾಗಿ ಬೆರೆತದ್ದು ಇಪ್ಪತ್ತನೆಯ ಶತಮಾನದಲ್ಲಿ. ಇಂದಿನ ಪಬ್ಬಿನ ಊಟಕ್ಕೆ ಪ್ರಾಚೀನತೆಯ ಗೌರವ ಸಲ್ಲುವುದಾದರೆ ಅದು ಪಾಂಥಶಾಲೆಯ ಕಡೆಯಿಂದ ಬಂದದ್ದೆಂಬುದು ಈ ಲೇಖನದ ಪ್ರತಿಪಾದನೆ.

ಪಾಂಥಶಾಲೆಯ ಬೇರುಗಳು ಕ್ರೈಸ್ತ ಮಠಗಳ ಆತಿಥ್ಯಧರ್ಮದಲ್ಲಿವೆ. ಬಂದ ಅತಿಥಿಯನ್ನು ಸಾಕ್ಷಾತ್ ಕ್ರಿಸ್ತನೆಂದೇ ಭಾವಿಸಿ ಬರಮಾಡಿಕೊಳ್ಳಬೇಕೆಂದು ಸಂತ ಬೆನೆಡಿಕ್ಟನ ನಿಯಮಾವಳಿ ವಿಧಿಸಿತ್ತು. ಯಾತ್ರಿಕರ ಮತ್ತು ವರ್ತಕರ ಸಂಖ್ಯೆ ಬೆಳೆದಂತೆ ಮಠಗಳು ತಮ್ಮ ಆವರಣದ ಹೊರಗೆ ಪ್ರತ್ಯೇಕ ವಸತಿಗಳನ್ನು ಕಟ್ಟಿಸಿದವು. ಸಾಮರ್ಸೆಟ್ ಪ್ರಾಂತದ ನಾರ್ಟನ್ ಸೇಂಟ್ ಫಿಲಿಪ್ ಗ್ರಾಮದಲ್ಲಿ ಇಂದಿಗೂ ನಿಂತಿರುವ ಜಾರ್ಜ್ ಇನ್, ಹಿಂಟನ್ನಿನ ಕಾರ್ತೂಸಿಯನ್ ಸನ್ಯಾಸಿಗಳ ಆಶ್ರಯದಲ್ಲಿ ಉಣ್ಣೆಯ ವ್ಯಾಪಾರವನ್ನು ಅವಲಂಬಿಸಿ ಬೆಳೆದದ್ದು. 1536ರಿಂದ 1540ರವರೆಗೆ ಎಂಟನೆಯ ಹೆನ್ರಿ ಮಠಗಳನ್ನು ವಿಸರ್ಜಿಸಿದ ಬಳಿಕ ಅತಿಥಿಸೇವೆಯ ಭಾರ ಹೆಚ್ಚಾಗಿ ಗೃಹಸ್ಥರ ಮೇಲೆ ಬಿದ್ದಿತು.

ಧರ್ಮದ ಕಟ್ಟಳೆ ಸಡಿಲಿದಲ್ಲಿ ಕಾನೂನಿನ ಕಟ್ಟಳೆ ನಿಂತಿತೆಂಬುದೇ ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಗಣ್ಯವೆನಿಸುವ ಸಂಗತಿ. ಸ್ಥಳವಿದ್ದು, ಬಂದವನು ಹಣ ತೆರಲು ಸಿದ್ಧನಾಗಿದ್ದು, ಅವನ ನಡತೆ ಯೋಗ್ಯವಾಗಿದ್ದಲ್ಲಿ, ಪಾಂಥಶಾಲೆಯ ಒಡೆಯನು ಆಹಾರವನ್ನಾಗಲಿ ವಸತಿಯನ್ನಾಗಲಿ ನಿರಾಕರಿಸಲಾಗದೆಂದು ಇಂಗ್ಲೆಂಡಿನ ಸಾಮಾನ್ಯ ನ್ಯಾಯ ಸಾರಿತು. 1835ರ ಒಂದು ಮೊಕದ್ದಮೆಯಲ್ಲಿ, ಚೆಪ್‌ಸ್ಟೋ ಊರಿಗೆ ಭಾನುವಾರ ನಡುರಾತ್ರಿಯ ಸಮೀಪ ಕುದುರೆಯೇರಿ ಬಂದ ಪ್ರಯಾಣಿಕನೊಬ್ಬನಿಗೆ ಬಾಗಿಲು ತೆರೆಯದ ಒಡೆಯನು ಅಪರಾಧಿಯೆಂದು ತೀರ್ಮಾನವಾಯಿತು. ಹೊತ್ತು ಮೀರಿತೆಂಬುದಾಗಲಿ, ಬಂದವನು ತನ್ನ ಹೆಸರು ಹೇಳಲಿಲ್ಲವೆಂಬುದಾಗಲಿ ಸಮರ್ಥನೆಯಾಗಲಿಲ್ಲ. ವೆಸ್ಟ್ ಇಂಡೀಸಿನ ಪ್ರಖ್ಯಾತ ಕ್ರಿಕೆಟಿಗ ಲಿಯರಿ ಕಾನ್ಸ್ಟಂಟೈನನಿಗೆ 1943ರಲ್ಲಿ ಲಂಡನ್ನಿನ ಒಂದು ಹೋಟೆಲು ವರ್ಣದ ಕಾರಣದಿಂದ ವಸತಿಯನ್ನು ನಿರಾಕರಿಸಿದಾಗ, ಮರುವರ್ಷ ಅವನು ನ್ಯಾಯಾಲಯದಲ್ಲಿ ಗೆದ್ದದ್ದೂ ಈ ಪುರಾತನ ಕರ್ತವ್ಯದ ಬಲದಿಂದಲೇ. ವರ್ಣಭೇದವನ್ನು ನಿಷೇಧಿಸುವ ಶಾಸನ ಆ ದೇಶದಲ್ಲಿ ಇನ್ನೂ ಹುಟ್ಟಿರಲಿಲ್ಲವೆಂಬುದನ್ನು ನೆನೆದರೆ ಈ ಹಳೆಯ ವಿಧಿಯ ಮಹತ್ತ್ವ ಮನದಟ್ಟಾಗುತ್ತದೆ.

ಹೀಗೆ ಹಕ್ಕಿನಿಂದ ದೊರೆತ ಊಟ ಎಂಥದ್ದು? ಯೂರೋಪನ್ನೆಲ್ಲ ಸುತ್ತಿ ಬಂದ ಫೈನ್ಸ್ ಮಾರಿಸನ್ 1617ರಲ್ಲಿ ಪ್ರಕಟಿಸಿದ ಪ್ರವಾಸಗ್ರಂಥದಲ್ಲಿ ಇದರ ವಿವರ ಉಂಟು. ಒಡೆಯನ ಪಂಕ್ತಿಯಲ್ಲಿ ಕುಳಿತವನಿಗೆ ಊಟಕ್ಕೆ ಆರು ಪೆನ್ಸು, ಕೆಲವೆಡೆ ನಾಲ್ಕೇ ಪೆನ್ಸು. ತನ್ನ ಕೋಣೆಯಲ್ಲಿಯೇ ಉಣ್ಣಬಯಸುವ ಗಣ್ಯನಾದರೋ ಅಡುಗೆಮನೆಗೆ ಹೋಗಿ ಇಂಥ ಮಾಂಸವನ್ನು ಹೀಗೆಯೇ ಬೇಯಿಸಿರೆಂದು ಹೇಳಬಹುದಾಗಿತ್ತು, ಮಿಕ್ಕದ್ದನ್ನು ಮರುದಿನ ಬೆಳಗಿನ ಉಪಾಹಾರಕ್ಕೆ ಇರಿಸಿಕೊಳ್ಳಬಹುದಾಗಿತ್ತು. ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸ್ 1668ರ ಜೂನ್ ತಿಂಗಳಲ್ಲಿ ಸಂಸಾರಸಮೇತನಾಗಿ ಸಾಮರ್ಸೆಟ್ ಕಡೆಗೆ ಸಂಚರಿಸಿದನು. ಸಾಲಿಸ್‌ಬರಿಯ ಪಾಂಥಶಾಲೆಯಲ್ಲಿ ಬ್ರೆಡ್ಡು ಬಿಯರುಗಳಿಗೇ 7 ಷಿಲಿಂಗು 6 ಪೆನ್ಸು ತೆರಬೇಕಾಗಿ ಬಂದುದಕ್ಕೆ ಸಿಟ್ಟಾದ ಅವನು, ಮರುದಿನ ಮೇಲೆ ಹೇಳಿದ ನಾರ್ಟನ್ ಸೇಂಟ್ ಫಿಲಿಪ್ಪಿನಲ್ಲಿ 10 ಷಿಲಿಂಗಿಗೆ ಸೊಗಸಾಗಿ ಉಂಡುದನ್ನು ಬರೆದಿಟ್ಟಿದ್ದಾನೆ. ಅಂದಿನ ಅಡುಗೆಮನೆಯ ಶ್ರಮವನ್ನು ಕಣ್ಣಾರೆ ಕಾಣಬೇಕೆಂಬವರು ವಿಲ್ಟ್‌ಷೈರಿನ ಲೇಕಾಕ್ ಗ್ರಾಮದ ಜಾರ್ಜ್ ಇನ್ನಿಗೆ ಹೋಗಬೇಕು. ಅಲ್ಲಿನ ವಿಶಾಲವಾದ ಒಲೆಯ ಪಕ್ಕದಲ್ಲಿ ಮರದ ಚಕ್ರವೊಂದು ಉಳಿದಿದೆ. ಅದರೊಳಗೆ ಗಿಡ್ಡಕಾಲಿನ ನಾಯಿಯೊಂದು ಎಡೆಬಿಡದೆ ನಡೆಯುತ್ತಿದ್ದರೆ, ಚಕ್ರಕ್ಕೆ ಹೊಂದಿಸಿದ ಕಬ್ಬಿಣದ ಸಲಾಕೆ ತಿರುಗಿ, ಅದಕ್ಕೆ ಪೋಣಿಸಿದ ಮಾಂಸ ಬೆಂಕಿಯೆದುರು ಎಲ್ಲ ಮಗ್ಗುಲಲ್ಲಿಯೂ ಸಮನಾಗಿ ಬೇಯುತ್ತಿತ್ತು.

ಪಾನಗೃಹದ ಕಥೆ ಇಷ್ಟು ಸಮೃದ್ಧವಲ್ಲ. 1552ರ ಶಾಸನ ಅದನ್ನು ಸ್ಥಳೀಯ ನ್ಯಾಯಾಧಿಕಾರಿಗಳ ಪರವಾನಗಿಗೆ ಒಳಪಡಿಸಿತು. 1830ರ ಶಾಸನ ಎರಡು ಗಿನಿ ತೆತ್ತ ಗೃಹಸ್ಥನಿಗೆ ಬಿಯರು ಮಾರುವ ಅನುಮತಿ ನೀಡಿತು. ಅಲ್ಲಿಗೆ ಬರುವ ಹೊಲದಾಳು ಬ್ರೆಡ್ಡು, ಚೀಸು, ಈರುಳ್ಳಿಗಳನ್ನು ಬಹುಪಾಲು ಬಟ್ಟೆಯಲ್ಲಿ ಕಟ್ಟಿಕೊಂಡು ತಾನೇ ತರುತ್ತಿದ್ದನು. ಅದೇ ಕಾಲದಲ್ಲಿ ರೈಲು ಬಂದು, 1784ರಿಂದ ಟಪಾಲುಗಾಡಿಗಳ ನಿಲುಗಡೆಯಿಂದ ಮೆರೆದ ಹೆದ್ದಾರಿಯ ಪಾಂಥಶಾಲೆಗಳು ಬರಿದಾದವು.

ಪುನರುಜ್ಜೀವನಕ್ಕೆ ಕಾರಣವಾದದ್ದು ಮೋಟಾರು. 1922ರಲ್ಲಿ ಆಕ್ಸ್‌ಫರ್ಡ್‌ಷೈರಿನ ಥೇಮ್ ಊರಿನ ಸ್ಪ್ರೆಡ್ ಈಗಲ್ ಪಾಂಥಶಾಲೆಯನ್ನು ವಹಿಸಿಕೊಂಡ ಜಾನ್ ಫಾದರ್‌ಗಿಲ್, ಒಳ್ಳೆಯ ಅಡುಗೆಯನ್ನು ವ್ರತದಂತೆ ಪಾಲಿಸಿ ತನ್ನ ಅನುಭವವನ್ನು 1931ರಲ್ಲಿ ಗ್ರಂಥವಾಗಿಸಿದನು. 1951ರಲ್ಲಿ ರೇಮಂಡ್ ಪೋಸ್ಟ್‌ಗೇಟ್ ಹೊರತಂದ ‘ಗುಡ್ ಫುಡ್ ಗೈಡ್’ ಉಣ್ಣುವವರ ಅಭಿಪ್ರಾಯಕ್ಕೇ ಅಧಿಕಾರ ಕೊಟ್ಟಿತು. 1954ರಲ್ಲಿ ಪಡಿತರ ಮುಗಿದ ಮೇಲೆ ಚೀಸಿನ ಪ್ರಚಾರಕರೂ ಹಾಲು ಮಾರಾಟ ಮಂಡಲಿಯೂ ಆ ಹೊಲದಾಳಿನ ಬುತ್ತಿಯನ್ನೇ ‘ಪ್ಲೌಮನ್ಸ್ ಲಂಚ್’ ಎಂದು ಹೆಸರಿಟ್ಟು ಪಬ್ಬುಗಳಲ್ಲಿ ಪ್ರಸಿದ್ಧಗೊಳಿಸಿದವು. ಕುಡಿದು ವಾಹನ ನಡೆಸುವವರ ಉಸಿರಿನ ಪರೀಕ್ಷೆ 1967ರಲ್ಲಿ ಜಾರಿಗೆ ಬಂದ ಬಳಿಕ ದೂರದ ಗಿರಾಕಿಯನ್ನು ಬಿಯರೊಂದರಿಂದಲೇ ಸೆಳೆಯುವುದು ಹಳ್ಳಿಯ ಪಬ್ಬಿಗೆ ಕಠಿಣವಾಯಿತು. ಅಡುಗೆಮನೆ ಅದರ ಜೀವನಾಧಾರವಾಗುತ್ತ ಬಂದಿತು. 2005ರಲ್ಲಿ ಟಾಮ್ ಕೆರಿಜ್ ಮಾರ್ಲೋ ಊರಿನಲ್ಲಿ ತೆರೆದ ಹ್ಯಾಂಡ್ ಅಂಡ್ ಫ್ಲವರ್ಸ್ ಮುಂದೆ ಎರಡು ಮಿಷೆಲಿನ್ ನಕ್ಷತ್ರಗಳನ್ನು ಪಡೆದ ಮೊದಲ ಪಬ್ಬೆನಿಸಿತು.

ಪಾಕವೈಭವ ಹೀಗೆ ಪಾನಗೃಹಕ್ಕೂ ಹರಿದು ಬಂದಿದೆ. ಪಥಿಕನ ಹಕ್ಕು ಮಾತ್ರ ಅದರೊಡನೆ ಬರಲಿಲ್ಲ. 1956ರ ಹೋಟೆಲ್ ಮಾಲೀಕರ ಶಾಸನ ಆ ಪುರಾತನ ಕರ್ತವ್ಯವನ್ನು ಆಹಾರದೊಂದಿಗೆ ಶಯನವಸತಿಯನ್ನೂ ಸರ್ವರಿಗೆ ಒದಗಿಸುವ ಸ್ಥಳಗಳಿಗೆ ಸೀಮಿತಗೊಳಿಸಿದ ಕಾರಣ, ಮಲಗುವ ಕೋಣೆಗಳಿಲ್ಲದ ಪಬ್ಬಿನ ಊಟ ಎಷ್ಟೇ ಶ್ರೇಷ್ಠವಾಗಿದ್ದರೂ, ಚೆಪ್‌ಸ್ಟೋವಿನ ಆ ಕುದುರೆಸವಾರನಿಗಿದ್ದ ಅಧಿಕಾರದಿಂದ ಅದನ್ನು ಕೇಳುವಂತಿಲ್ಲ.